ಬೀಗ ಒಡೆದಿಲ್ಲ, ಸೀಲು ಹರಿದಿಲ್ಲ, ಮಾಲು ಇಲ್ಲ

ಬೆಳಗಿನ ಐದೂ ಮುಕ್ಕಾಲು. ಪೊಲೀಸ್ ಠಾಣೆಯ ಹಿಂಬದಿಯ ಕೋಣೆಯಲ್ಲಿ ಐವತ್ತೆಂಟು ವರ್ಷದ ಹೆಂಗಸೊಬ್ಬರು ಬಿಸ್ಕತ್ತಿನ ಡಬ್ಬಿಯೊಂದಕ್ಕೆ ಫೋನ್ ಮಾಡುತ್ತಿದ್ದಾರೆ. ಒಂದು ಕೈಯಲ್ಲಿ ತಮ್ಮ ಹಳೇ ಮೊಬೈಲು, ಇನ್ನೊಂದು ಕೈಯಲ್ಲಿ ಡಬ್ಬಿ. ಡಬ್ಬಿಗೆ ಕಿವಿ ಆನಿಸಿ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಒಳಗಿನಿಂದ ಸಣ್ಣಗೆ ಗುಂಯ್ ಎಂದು ನಡುಗುವ ಸದ್ದು ಬರುತ್ತದೆ. ಅವರ ಮುಖ ಹುಳ್ಳಗಾಗುತ್ತದೆ.

ಮುಚ್ಚಳ ತೆಗೆದು, ಒಳಗಿದ್ದ ಫೋನಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲಿನ ಇನ್ನೆರಡು ಸುತ್ತು ಸುತ್ತಿ ಮತ್ತೆ ಮುಚ್ಚುತ್ತಾರೆ. ಮತ್ತೆ ಕರೆ. ಈ ಸಲ, ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎನ್ನುತ್ತದೆ ಮೊಬೈಲಿನ ದನಿ. "ಹಾಂ, ಹಾಗೇ ಹೊರಗಿರಪ್ಪ," ಎಂದು ಡಬ್ಬಿಯ ತಲೆ ತಟ್ಟಿ ಕಪಾಟಿಗೆ ಸೇರಿಸುತ್ತಾರೆ.

ಆ ಫೋನು ಹಿಂದಿನ ಸಂಜೆ ವಂಚಕನೊಬ್ಬನಿಂದ ವಶಪಡಿಸಿಕೊಂಡದ್ದು. ಅದಕ್ಕೆ ಸಿಗ್ನಲ್ ಸಿಕ್ಕರೆ ಅವನ ಕಡೆಯವರು ಎಲ್ಲೋ ಕೂತು ಒಳಗಿರುವುದನ್ನೆಲ್ಲ ಅಳಿಸಿಹಾಕಬಹುದು. ಹಾಗೆ ಆಗಿದ್ದೂ ಉಂಟು. "ನನ್ನ ಕಣ್ಣೆದುರೇ ಒಂದು ಫೋನು ತನಗೆ ತಾನೇ ಹತ್ತಿಕೊಂಡು, ಪಟಪಟ ಅಂತ ಏನೇನೋ ತೋರಿಸಿ, ಹೊಸದಾಗಿ ಅಂಗಡಿಯಿಂದ ತಂದ ಹಾಗೆ 'ನಮಸ್ಕಾರ' ಅಂತು. ಯಾರೂ ಮುಟ್ಟಿರಲಿಲ್ಲ. ನಾನು ದೆವ್ವ ಅಂದ್ಕೊಂಡೆ." ಸಿಗ್ನಲ್ ತಡೆಯುವ ಚೀಲ ಬೇಕೆಂದು ಇಲಾಖೆಗೆ ಪತ್ರ ಬರೆದು ನಾಲ್ಕು ವರ್ಷವಾಯಿತು. ಅದು ಬರುವವರೆಗೆ ಬಿಸ್ಕತ್ತಿನ ಡಬ್ಬಿ, ಸ್ವಂತ ಖರ್ಚಿನ ಫಾಯಿಲು.

ಠಾಣೆಯವರೆಲ್ಲ ಇವರನ್ನು ಬೀಗದಕ್ಕ ಎನ್ನುತ್ತಾರೆ. ಜಪ್ತಿಯಾದ ಸಾಮಾನೆಲ್ಲ ಬಂದು ಬೀಳುವ 'ಮಾಲು ಕೋಣೆ'ಯ ಉಸ್ತುವಾರಿ ಇವರದು. ನ್ಯಾಯಾಲಯ ಕೇಳಿದ ದಿನ ಕೇಳಿದ ವಸ್ತುವನ್ನು ಬಂದ ಹಾಗೇ ತೆಗೆದುಕೊಡಬೇಕು, ಕೆಲಸ ಅಷ್ಟೆ. ಸೊಂಟದ ಗೊಂಚಲಿನಲ್ಲಿ ಹದಿನೇಳು ಕೀಲಿಕೈ. ಕೋಣೆಯಲ್ಲಿ ಎರಡು ಸಾವಿರದ ಮುನ್ನೂರ ಹದಿನಾರು ವಸ್ತು. ಅದರಲ್ಲಿ ನಾನೂರ ಹದಿನೆಂಟು ಮೊಬೈಲು, ಅರವತ್ಮೂರು ಲ್ಯಾಪ್‌ಟಾಪು, ಚಾಕು ಚೂರಿಗಳಿಗೇ ಒಂದು ಕಪಾಟು, ಯಾವುದೋ ಹೊಡೆದಾಟದ ಸಾಕ್ಷಿಯಾಗಿ ಬಂದು ಒಂಬತ್ತು ವರ್ಷದಿಂದ ಕದಲದ ಕ್ಷೌರದಂಗಡಿಯ ಕುರ್ಚಿ. ಬೀಗದಕ್ಕ ಮಧ್ಯಾಹ್ನ ಬುತ್ತಿ ಬಿಚ್ಚುವುದು ಆ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ. ಕುರ್ಚಿಯ ಮೇಲೆ ಒಂದು ದಿನವೂ ಕೂತಿಲ್ಲ. "ಅದು ಸಾಕ್ಷಿ ಕಣ್ರೀ. ಕೂತ್ರೆ ಸವೆಯತ್ತೆ."

ಇಪ್ಪತ್ಮೂರನೇ ವಯಸ್ಸಿಗೆ ಪೊಲೀಸ್ ಕೆಲಸಕ್ಕೆ ಸೇರಿದವರು. ವರ್ಷಗಟ್ಟಲೆ ರಸ್ತೆಯಲ್ಲಿ ನಿಂತು ವಾಹನ ತಡೆದರು. ಒಂದು ದಿನ ತಡೆದರೂ ನಿಲ್ಲದ ಬೈಕೊಂದು ಮಂಡಿಗೆ ಗುದ್ದಿಕೊಂಡು ಹೋಯಿತು. ಮೂರು ತಿಂಗಳ ಮಟ್ಟಿಗೆ ಅಂತ ಈ ಕೋಣೆಗೆ ಹಾಕಿದರು. ಹನ್ನೊಂದು ವರ್ಷವಾಯಿತು. ದೂಳಿಗೆ ಉಬ್ಬಸ ಅಂಟಿಕೊಂಡಿದೆ. ಬಡ್ತಿ ಎರಡು ಸಲ ಬಾಗಿಲವರೆಗೆ ಬಂದು ಬೇರೆಯವರ ಹಿಂದೆ ಹೋಗಿದೆ. ಕಂಪ್ಯೂಟರ್ ಗೊತ್ತಿಲ್ಲ. ಮೊಬೈಲಿನಲ್ಲಿ ಕರೆ ಮಾಡುವುದು, ಕರೆ ತೆಗೆಯುವುದು ಎರಡೇ ವಿದ್ಯೆ. ಇಂಥವರ ಕೈಗೆ ಎರಡು ವರ್ಷದ ಹಿಂದೆ ಒಂದು ಕಾಗದದ ಹಾಳೆ ಬಂದು ಬಿತ್ತು. ಆ ಕತೆ ಹೇಳುವಾಗ ಬೀಗದಕ್ಕ ಈಗಲೂ ನಡುನಡುವೆ ನಿಲ್ಲಿಸಿ, "ನಿಮಗೆ ಅರ್ಥ ಆಗ್ತಿದೆ ತಾನೆ? ಆದ್ರೆ ನನಗೂ ಸ್ವಲ್ಪ ಹೇಳಿ," ಎನ್ನುತ್ತಾರೆ.

ಗಂಡ ಹೆಂಡತಿ ಇಬ್ಬರು ಸೇರಿ ಡಿಜಿಟಲ್ ನಾಣ್ಯದ ವ್ಯವಹಾರವೆಂದು ಒಂದು ಆ್ಯಪ್ ಮಾಡಿದ್ದರು. ದುಡ್ಡು ಹಾಕಿದವರಿಗೆ ಪರದೆಯ ಮೇಲೆ ದಿನದಿನವೂ ಅದು ಬೆಳೆಯುವುದು ಕಾಣುತ್ತಿತ್ತು. ತೆಗೆಯಲು ಹೋದ ದಿನ ಆ್ಯಪೇ ಮಾಯ. ಆರುನೂರಕ್ಕೂ ಹೆಚ್ಚು ಜನ ಮೋಸ ಹೋದರು. ಪೊಲೀಸರು ದಂಪತಿಯ ಫ್ಲ್ಯಾಟಿಗೆ ನುಗ್ಗಿ ಇಬ್ಬರನ್ನೂ ಹಿಡಿದು, ಸಿಕ್ಕಿದ್ದನ್ನೆಲ್ಲ ಮೂಟೆ ಕಟ್ಟಿ ತಂದರು. ಕಂಪ್ಯೂಟರು, ಏಳು ಫೋನು, ಇನ್ನೂ ಐವತ್ತು ಚಿಲ್ಲರೆ ಸಾಮಾನು. ಜೊತೆಗೆ ಮಗುವಿನ ಚಿತ್ರದ ಪುಸ್ತಕದ ರಟ್ಟಿನೊಳಗೆ ಸಿಕ್ಕಿಸಿಟ್ಟಿದ್ದ ಒಂದು ಹಾಳೆ. ಅದರ ಮೇಲೆ ಕೈಬರಹದಲ್ಲಿ, ಒಂದರಿಂದ ಅಂಕಿ ಹಾಕಿ ಬರೆದ ಇಂಗ್ಲಿಷಿನ ಇಪ್ಪತ್ನಾಲ್ಕು ಪದ. ತಂದ ಪೇದೆ ಪಟ್ಟಿಯಲ್ಲಿ 'ಮಗುವಿನ ಕಾಪಿ ಹಾಳೆ, ಒಂದು' ಎಂದು ಬರೆದಿದ್ದ.

ಬೀಗದಕ್ಕನೂ ಹಾಗೇ ಅಂದುಕೊಂಡಿದ್ದರು. "ಛತ್ರಿ, ಬಾತುಕೋಳಿ, ಏಣಿ ಅಂತ ಇತ್ತು. ಪಾಪ, ಮಗು ಪಾಠ ಬರೆದಿದೆ ಅಂದ್ಕೊಂಡೆ. ಆದ್ರೆ ಪಟ್ಟಿಗೆ ಸಹಿ ಹಾಕೋಕೆ ಕರ್ಕೊಂಡು ಬಂದಿದ್ರಲ್ಲ ಆ ಹೆಂಗಸು, ಅವಳು ಕಂಪ್ಯೂಟರ್ ನೋಡ್ಲಿಲ್ಲ, ಫೋನ್ ನೋಡ್ಲಿಲ್ಲ. ನನ್ನ ಕೈಲಿದ್ದ ಆ ಹಾಳೆ ಮೇಲಿಂದ ಕಣ್ಣು ತೆಗೀಲಿಲ್ಲ. ಮಗು ನೆನಪಾಗಿ ನೋಡೋ ನೋಟ ಬೇರೆ ಇರತ್ತೆ. ಇದು ಅದಲ್ಲ."

ಮೂರನೇ ಪದಕ್ಕೇ ಓದುವುದನ್ನು ನಿಲ್ಲಿಸಿ, ಹಾಳೆ ಮಗುಚಿಟ್ಟು, ಸೈಬರ್ ಲ್ಯಾಬಿನ ಅಧಿಕಾರಿ ಮೇಡಂಗೆ ಫೋನ್ ಮಾಡಿದರು. ಆ ಮೇಡಂ ವಾರಕ್ಕೆರಡು ಬಾರಿ ಮಾಲು ಕೋಣೆಗೆ ಬಂದು ಹೋಗುವವರು, ಸಲುಗೆಯಿತ್ತು.

"ಅಕ್ಕಾ, ಆ ಹಾಳೇನೇ ದುಡ್ಡು!" ಎಂದರಂತೆ ಮೇಡಂ.

"ಹಾಳೆ ದುಡ್ಡಾ?"

"ಹಾಳೆ ಅಲ್ಲ, ಅದರ ಮೇಲಿರೋ ಪದಗಳು. ಅದೇ ಕ್ರಮದಲ್ಲಿ ಯಾರು ಯಾವ ಕಂಪ್ಯೂಟರಿಗೆ ಹಾಕಿದ್ರೂ ಅವರ ಎಲ್ಲಾ ನಾಣ್ಯ ಕೈಗೆ ಬರತ್ತೆ. ಮುಟ್ಟೋದೂ ಬೇಡ, ಓದಿದ್ರೆ ಸಾಕು."

"ಹಾಗಾದ್ರೆ ದುಡ್ಡು ಈಗ ನನ್ನ ಕೋಣೇಲಿದೆಯಾ?"

"ಇಲ್ಲ ಅಕ್ಕಾ. ಅದು ಎಲ್ಲಾ ಕಡೆ ಇದೆ."

ಬೀಗದಕ್ಕನಿಗೆ ತಲೆ ಗಿರ್ರೆಂದಿತು. ಇಷ್ಟು ವರ್ಷದಲ್ಲಿ ಅವರು ಕಾದ ವಸ್ತುವೆಲ್ಲ ಒಂದು ಕಡೆ ಇರುವಂಥದು. ಇಲ್ಲಿದ್ದರೆ ಅಲ್ಲಿಲ್ಲ, ಅಲ್ಲಿ ಹೋದರೆ ಇಲ್ಲಿ ಖಾಲಿ. ಎಲ್ಲಾ ಕಡೆ ಇರುವುದಕ್ಕೆ ಯಾವ ಕಪಾಟು? ಅದಕ್ಕಿಂತ ದೊಡ್ಡ ಸಂಕಟವೆಂದರೆ ಆಗಲೇ ಮೂರು ಪದ ಓದಿಯಾಗಿತ್ತು. "ಮರೀಬೇಕು ಅಂತ ಕಣ್ಮುಚ್ಚಿದ್ರೆ ಬಾತುಕೋಳಿ ಏಣಿ ಹತ್ತೋದು. ಛತ್ರಿ ಹಿಡ್ಕೊಂಡು."

ಆಗಿನ ಇನ್‌ಸ್ಪೆಕ್ಟರ್ ಸಾಹೇಬರು ಶಿಸ್ತಿನ ಮನುಷ್ಯ. ಜಪ್ತಿಯಾದ ಬರಹವನ್ನು ಅಕ್ಷರ ಬಿಡದೆ ವಹಿಯಲ್ಲಿ ನಕಲು ಮಾಡಬೇಕು, ಅದು ನಿಯಮ. "ಬರ್ಕೊಳಮ್ಮ. ಹಾಗೇ ಒಂದು ಫೋಟೋ ತೆಗೆದು ಠಾಣೆ ಗ್ರೂಪಿಗೆ ಹಾಕು," ಎಂದರು. ಗ್ರೂಪಿನಲ್ಲಿ ನಲವತ್ತೆರಡು ಜನ.

"ಆಗಲ್ಲ ಸರ್," ಎಂದರು ಬೀಗದಕ್ಕ.

"ಏನಂದೆ?"

"ನಕಲು ಮಾಡಿದ್ರೆ ಮಾಲು ಎರಡಾಗತ್ತೆ ಸರ್. ಗ್ರೂಪಿಗೆ ಹಾಕಿದ್ರೆ ನಲವತ್ತನಾಲ್ಕಾಗತ್ತೆ. ನನ್ನ ಹತ್ರ ಇರೋದು ಒಂದೇ ಬೀಗ."

ಸಾಹೇಬರು ಕೂಗಾಡಿದರು. ಬೀಗದಕ್ಕ ತಲೆತಗ್ಗಿಸಿ ನಿಂತರೇ ಹೊರತು ಪೆನ್ನು ಎತ್ತಲಿಲ್ಲ. ಬೆಳಕಿಗೆ ಹಿಡಿದರೂ ಅಕ್ಷರ ಕಾಣದಂತೆ ಹಾಳೆಯ ಎರಡೂ ಬದಿಗೆ ಕಾರ್ಬನ್ ಕಾಗದ ಇಟ್ಟು, ಬಟ್ಟೆಯ ಲಕೋಟೆಗೆ ಹಾಕಿ, ಅರಗು ಸುರಿದು ಸೀಲು ಒತ್ತಿದರು. ಇಬ್ಬರು ಸಾಕ್ಷಿಗಳ ಸಹಿ, ಗೊಣಗುತ್ತಲೇ ಹಾಕಿದ ಸಾಹೇಬರ ಸಹಿ. ವಹಿಯಲ್ಲಿ ಬರೆದದ್ದಿಷ್ಟೆ: 'ಹಾಳೆ ಒಂದು. ಪದ ಇಪ್ಪತ್ನಾಲ್ಕು. ನಕಲು ಮಾಡಿಲ್ಲ.' ಸ್ವಲ್ಪ ಹೊತ್ತು ಪೆನ್ನು ಹಿಡಿದುಕೊಂಡೇ ಕೂತು, ಕೆಳಗೆ ಇನ್ನೊಂದು ಸಾಲು ಸೇರಿಸಿದರು: 'ಅದರಲ್ಲಿ ಮೂರು ನಾನು ಓದಿದ್ದೇನೆ.'

ಆ ಸಾಲು ಬರೆಯದಿದ್ದರೆ ಏನಾಗುತ್ತಿತ್ತೆಂದು ಅವರನ್ನು ಕೇಳಿದವರು ಬಹಳ. "ಓದಿದ್ದೆನಲ್ಲ," ಎಂಬುದೇ ಅವರ ಉತ್ತರ.

ನಾಣ್ಯಗಳನ್ನು ಇಲಾಖೆಯ ಖಾತೆಗೆ ಸಾಗಿಸಬೇಕಿತ್ತು. ಇಲಾಖೆಗೆ ಅಂಥ ಖಾತೆಯೇ ಇರಲಿಲ್ಲ. ತೆರೆಯಲು ನ್ಯಾಯಾಲಯದ ಅಪ್ಪಣೆ, ಮೇಲಿನವರ ಒಪ್ಪಿಗೆ ಅಂತ ಕಡತ ಮೇಜಿಂದ ಮೇಜಿಗೆ ತೆವಳುತ್ತ ಐದು ವಾರ ತಿಂದಿತು. ಆ ಐದು ವಾರವೂ ಪ್ರತಿ ಸೋಮವಾರ ನಿವೃತ್ತ ನರ್ಸ್ ಒಬ್ಬರು ಠಾಣೆಗೆ ಬರುತ್ತಿದ್ದರು. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ದುಡಿದು ಉಳಿಸಿದ್ದನ್ನು ಆ ಆ್ಯಪಿಗೆ ಹಾಕಿದವರು. ಮಾಲು ಕೋಣೆಯ ಕಂಬಿ ಬಾಗಿಲಿನಾಚೆ ನಿಂತು ಕೇಳುತ್ತಿದ್ದರು: "ಅಲ್ಲೇ ಇದೆಯೇನಮ್ಮ?"

ಬೀಗದಕ್ಕ ಕಪಾಟು ತೆರೆದು, ಲಕೋಟೆಯ ಸೀಲು ನೋಡಿ, "ಇಲ್ಲೇ ಇದೆ ಅಕ್ಕಾ," ಎನ್ನುತ್ತಿದ್ದರು. ಏನು ಇಲ್ಲೇ ಇದೆ ಎಂದು ತಾನು ಹೇಳುತ್ತಿದ್ದೇನೆ ಎನ್ನುವುದು ಅವರಿಗೇ ಗೊತ್ತಿರಲಿಲ್ಲ.

ಆರನೇ ವಾರ ಲ್ಯಾಬಿನ ಮೇಡಂ ಅಪ್ಪಣೆ ಹಿಡಿದು ಬಂದರು. ಎಲ್ಲರೆದುರು ಸೀಲು ಒಡೆದು, ಹಾಳೆ ತೆಗೆದು, ತಮ್ಮ ಕಂಪ್ಯೂಟರಿಗೆ ಒಂದೊಂದೇ ಪದ ಹಾಕಿದರು. ಪರದೆ ನೋಡಿದವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಖಾಲಿ," ಎಂದರು.

"ಏನು ಖಾಲಿ ಮೇಡಂ? ಹಾಳೆ ಇದೆಯಲ್ಲ?"

"ಹಾಳೆ ಇದೆ ಅಕ್ಕಾ. ನಾಣ್ಯ ಇಲ್ಲ. ಒಂಬತ್ತು ದಿನದ ಹಿಂದೆ ಯಾರೋ ತೆಗೆದಿದ್ದಾರೆ."

ಬೀಗದಕ್ಕ ಬೀಗ ನೋಡಿದರು. ಒಡೆದಿರಲಿಲ್ಲ. ಕೀಲಿ ಸೊಂಟದಲ್ಲೇ ಇತ್ತು. ಒಂಬತ್ತು ದಿನದ ಹಿಂದೆ ತಾನು ರಜೆ ಹಾಕಿದ್ದೆನೇ? ಇಲ್ಲ. ಯಾರಾದರೂ ಒಳಗೆ ಬಂದಿದ್ದರೇ? ಇಲ್ಲ. ಕಳುವಾದ ವಸ್ತುವಿನ ಜಾಗ ಹೇಗಿರುತ್ತದೆಂದು ಅವರಿಗೆ ಗೊತ್ತು, ದೂಳಿನ ನಡುವೆ ಒಂದು ಚೊಕ್ಕ ಚೌಕ ಉಳಿದಿರುತ್ತದೆ. ಇಲ್ಲಿ ಆ ಚೌಕವೂ ಇರಲಿಲ್ಲ.

ವಿಚಾರಣೆಗೆ ಮೇಲಿನ ಕಚೇರಿಯಿಂದ ಬಂದ ಅಧಿಕಾರಿ ವಹಿ ತೆರೆದು, ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಮೂರು ಓದಿದವರು ಇಪ್ಪತ್ನಾಲ್ಕೂ ಓದಿಲ್ಲ ಅಂತ ನಾನು ಹೇಗಮ್ಮ ನಂಬಲಿ?" ಮೂರು ಪದ ಇಟ್ಟುಕೊಂಡು ಯಾರೂ ಏನೂ ಮಾಡಲಾರರು ಎಂದು ಲ್ಯಾಬಿನ ಮೇಡಂ ಹೇಳಿದ್ದು ಅವರ ಕಿವಿಗೆ ಹೋಗಲಿಲ್ಲ. ನಕಲು ಮಾಡಲು ಒಪ್ಪದಿದ್ದದ್ದು, ಫೋಟೋ ಬೇಡವೆಂದದ್ದು, ಎಲ್ಲವೂ ಈಗ ತಿರುಗಿ ನಿಂತವು. ಬಚ್ಚಿಟ್ಟುಕೊಳ್ಳಲಿಕ್ಕೇ ಹಾಗೆ ಮಾಡಿದಳು ಎಂದಾಯಿತು. ಬೀಗದಕ್ಕನ ಸೊಂಟದಿಂದ ಗೊಂಚಲು ಇಳಿಸಿಕೊಂಡು, ಅಮಾನತಿನ ಪತ್ರ ಕೊಟ್ಟು ಮನೆಗೆ ಕಳಿಸಿದರು.

ಮನೆಯೆಂದರೆ ಮೂರನೇ ಮಹಡಿಯ ಎರಡು ಕೋಣೆ. ಲಿಫ್ಟ್ ರಿಪೇರಿ ಮಾಡುವ ಗಂಡ, ಎಂಬತ್ತನಾಲ್ಕರ ಅತ್ತೆ. ಅತ್ತೆ ಇವರನ್ನು ಇನ್ನೂ ಹುಡುಗಿ ಎಂದೇ ಕರೆಯುತ್ತಾರೆ. ಪೂರ್ತಿ ಕತೆ ಎರಡು ಸಲ ಹೇಳಿಸಿಕೊಂಡು ಅತ್ತೆ ಕೇಳಿದರು: "ಅಲ್ವೇ ಹುಡುಗಿ, ಇದ್ದಾಗ ಕಂಡೋರಿಲ್ಲ, ಹೋಗಿದ್ದು ಹೇಗೆ ಕಾಣ್ತು ಇವರಿಗೆ?" ತಾಯಿ ಒಬ್ಬರೇ ಇರುತ್ತಾರೆಂದು ಕೆಲಸಕ್ಕೆ ಹೊರಡುವಾಗ ಬಾಗಿಲಿಗೆ ಹೊರಗಿನಿಂದ ಬೀಗ ಹಾಕುವ ಹಳೇ ಚಾಳಿಯನ್ನು ಗಂಡ ಅವತ್ತಿನಿಂದ ಬಿಟ್ಟರು.

ಮುಂದಿನ ಸೋಮವಾರ ನರ್ಸ್ ಮನೆ ಹುಡುಕಿಕೊಂಡು ಬಂದರು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ಹೊಸ್ತಿಲಲ್ಲೇ ನಿಂತು, ನೇರವಾಗಿ ಕೇಳಿದರು: "ನೀನು ತಗೊಂಡ್ಯಾ?"

"ಇಲ್ಲ ಅಕ್ಕಾ."

"ಹಾಗಾದ್ರೆ ಎಲ್ಲಿ ಹೋಯ್ತು?"

"ಗೊತ್ತಿಲ್ಲ."

"ಇಲ್ಲೇ ಇದೆ, ಇಲ್ಲೇ ಇದೆ ಅಂತಿದ್ಯಲ್ಲ!"

"ಹೌದು. ಹಾಳೆ ಇಲ್ಲೇ ಇದೆ ಅಂತ ನೋಡಿ ನೋಡಿ ಹೇಳ್ತಿದ್ದೆ. ಕೊನೇ ಸೋಮವಾರ ಹೇಳಿದಾಗ ದುಡ್ಡು ಆಗಲೇ ಹೋಗಿತ್ತಂತೆ. ನನಗೆ ಗೊತ್ತಿರಲಿಲ್ಲ ಅಕ್ಕಾ."

ನರ್ಸ್ ಅಳಲಿಲ್ಲ, ಬೈಯಲಿಲ್ಲ. ನೀರು ಕೇಳಿ ಕುಡಿದು, ಬೀಗದಕ್ಕನ ಊದಿದ ಮಂಡಿ ಕಂಡು, ಅಭ್ಯಾಸಬಲದಿಂದ ಎರಡೂ ಹೆಬ್ಬೆರಳಿನಿಂದ ಒತ್ತಿ ನೋಡಿ, "ಬಿಸಿನೀರಿನ ಶಾಖ ಕೊಡು," ಎಂದು ಇಳಿದು ಹೋದರು. ಅದಕ್ಕಿಂತ ಎರಡೇಟು ಹಾಕಿದ್ದರೆ ಹಾಯೆನಿಸುತ್ತಿತ್ತು ಎನ್ನುತ್ತಾರೆ ಬೀಗದಕ್ಕ.

ನಲವತ್ತೊಂದು ದಿನ ಹಾಗೇ ಕಳೆಯಿತು. ಕೆಲಸವಿಲ್ಲದ ಕೈಗಳಿಗೆ ಏನು ಮಾಡುವುದೆಂದು ತಿಳಿಯದೆ ಅವರು ಮನಸ್ಸಿನಲ್ಲೇ ಮಾಲು ಕೋಣೆಯನ್ನು ಗುಡಿಸುತ್ತಿದ್ದರು. ಮೊದಲ ಕಪಾಟು, ಮೇಲಿನ ಅರೆ, ಎಡದಿಂದ ಬಲಕ್ಕೆ. ಒಂದು ಭಾನುವಾರ ಬೆಳಿಗ್ಗೆ ಗಂಡ ಯಾವುದೋ ಲಿಫ್ಟಿನ ಹಿತ್ತಾಳೆ ಫಲಕವನ್ನು ಊಟದ ಮೇಜಿನ ಮೇಲಿಟ್ಟು ಉಜ್ಜುತ್ತಿದ್ದರು. ಬಡಿದು ಮೂಡಿಸಿದ ಅಕ್ಷರಗಳು ಅದರಲ್ಲಿ ತಗ್ಗಾಗಿ ಕೂತಿದ್ದವು. ಬೀಗದಕ್ಕ ಅದರ ಮೇಲೆ ಬೆರಳಾಡಿಸಿದರು.

"ಇದನ್ನ ಹೇಗ್ರೀ ಮಾಡೋದು?"

"ಉಕ್ಕಿನ ಅಚ್ಚು ಬರತ್ತೆ ಕಣೆ. ಒಂದೊಂದು ಅಕ್ಷರಕ್ಕೆ ಒಂದೊಂದು ಮೊಳೆ ಇದ್ದ ಹಾಗೆ. ಇಟ್ಟು ಸುತ್ತಿಗೇಲಿ ಬಡಿಯೋದು."

"ಪೂರ್ತಿ ಸೆಟ್ಟಲ್ಲಿ ಇಪ್ಪತ್ತಾರು ಇರತ್ತಾ?"

"ಇಂಗ್ಲಿಷ್ ಅಕ್ಷರ ಎಷ್ಟೋ ಅಷ್ಟು."

ಬೀಗದಕ್ಕ ಎದ್ದು ನಿಂತರು. ಆ ದಂಪತಿಯ ಫ್ಲ್ಯಾಟಿನಿಂದ ಬಂದ ಮೂಟೆಯಲ್ಲಿ ಮರದ ಪೆಟ್ಟಿಗೆಯೊಂದಿತ್ತು. ಪೇದೆ 'ಗ್ಯಾರೇಜ್ ಸಾಮಾನು' ಎಂದು ಬರೆದಿದ್ದ. ಇವರು ತೆರೆದು ಎಣಿಸಿದ್ದರು, ಇಪ್ಪತ್ತಾರು ಉಕ್ಕಿನ ಮೊಳೆ. ಕೆಲವುಗಳ ತಲೆ ಬಡಿದು ಬಡಿದು ಹೊಳಪು ಕಳೆದಿತ್ತು, ಮೂರ್ನಾಲ್ಕು ಹೊಚ್ಚ ಹೊಸದಾಗಿದ್ದವು. ಬರೀ ಕಂಪ್ಯೂಟರಿನ ಮೇಲೆ ಬೆರಳಾಡಿಸಿ ಬದುಕುವ ಜನ, ಮನೆಯಲ್ಲಿ ಒಂದು ಸ್ಕ್ರೂಡ್ರೈವರ್ ಕೂಡ ಸಿಕ್ಕಿರಲಿಲ್ಲ. ಅವರಿಗೇಕೆ ಕಬ್ಬಿಣ ಬಡಿಯುವ ಕೆಲಸ?

ಲ್ಯಾಬಿನ ಮೇಡಂಗೆ ಫೋನ್ ಹೋಯಿತು. "ಮೇಡಂ, ತಪ್ಪಾಗಿದ್ರೆ ಬೈಬೇಡಿ. ಆ ಇಪ್ಪತ್ನಾಲ್ಕು ಪದಾನ ಯಾರಾದ್ರೂ ತಗಡಿನ ಮೇಲೆ ಬಡಿದು ಇಟ್ಕೊತಾರಾ?"

ಮೇಡಂ ಮೆಲ್ಲಗೆ ಹೇಳಿದರು: "ಇಟ್ಕೊತಾರೆ ಅಕ್ಕಾ. ಕಾಗದ ಸುಟ್ಟುಹೋಗತ್ತೆ, ಉಕ್ಕು ಸುಡಲ್ಲ ಅಂತ. ಅಯ್ಯೋ, ಇದು ನನಗೆ ಹೊಳೀಬೇಕಿತ್ತು."

ಎರಡನೇ ಪ್ರತಿ ಇದೆಯೆಂದ ಮೇಲೆ ಹುಡುಕಾಟ ಶುರುವಾಯಿತು. ಪೊಲೀಸರು ಮೂರು ಮನೆ ಜಾಲಾಡಿದರು. ನಾಲ್ಕನೆಯದು ಆರೋಪಿ ಗಂಡನ ಅಕ್ಕನ ಮನೆ. ಇಸ್ತ್ರಿ ಮೇಜನ್ನು ತಲೆಕೆಳಗು ಮಾಡಿದಾಗ ತಳಕ್ಕೆ ನಾಲ್ಕು ಸ್ಕ್ರೂ ಹಾಕಿ ಕೂರಿಸಿದ ಅಂಗೈಯಗಲದ ಉಕ್ಕಿನ ತಗಡು ಸಿಕ್ಕಿತು. ಇಪ್ಪತ್ನಾಲ್ಕು ಪದ. ಜೈಲಿನಿಂದ ತಮ್ಮ ಕಳಿಸಿದ ಒಂದು ಮಾತಿನ ಮೇಲೆ ಅಕ್ಕ ಅವನ್ನು ತನ್ನ ಕಂಪ್ಯೂಟರಿಗೆ ಹಾಕಿ ನಾಣ್ಯ ಸಾಗಿಸಿದ್ದಳು. ಬೀಗದಕ್ಕ ಕಾಯುತ್ತಿದ್ದ ಹಾಳೆಯನ್ನು ಯಾರೂ ಮುಟ್ಟಿರಲಿಲ್ಲ.

ಸಾಗಿಸಿದ್ದರಲ್ಲಿ ಹೆಚ್ಚು ಪಾಲು ಎಲ್ಲೆಲ್ಲೋ ಚೂರಾಗಿ ಹೋಗಿತ್ತು. ಇಂಥ ನಾಣ್ಯ ಮಾರಿಕೊಳ್ಳುವ ವಿನಿಮಯ ಕೇಂದ್ರವೊಂದರಲ್ಲಿ ಇನ್ನೂ ಉಳಿದಿದ್ದ ಮೂರನೇ ಒಂದು ಭಾಗವನ್ನಷ್ಟೇ ತಡೆಹಿಡಿಯಲಾಯಿತು. ನರ್ಸ್‌ಗೂ ಅದೇ ಲೆಕ್ಕದಲ್ಲಿ ಸಿಕ್ಕಿತು. ಅವರು ಈಗ ಮತ್ತೆ ಒಂದು ಸಣ್ಣ ದವಾಖಾನೆಗೆ ಕೆಲಸಕ್ಕೆ ಹೋಗುತ್ತಾರೆ. ತಿಂಗಳಿಗೊಮ್ಮೆ ಬಂದು ಬೀಗದಕ್ಕನ ಮಂಡಿ ನೋಡುತ್ತಾರೆ. ಇಬ್ಬರೂ ನಾಣ್ಯದ ಮಾತೆತ್ತುವುದಿಲ್ಲ.

ಬೀಗದಕ್ಕನಿಗೆ ಗೊಂಚಲು ವಾಪಸ್ ಬಂತು. ಕ್ಷಮಿಸಿ ಎಂದವರಿಲ್ಲ. 'ಅಮಾನತು ಹಿಂಪಡೆಯಲಾಗಿದೆ' ಎಂಬ ಒಂದೂವರೆ ಸಾಲಿನ ಪತ್ರ ಬಂತು, ಅಷ್ಟೆ. ಇನ್‌ಸ್ಪೆಕ್ಟರ್ ಸಾಹೇಬರು ವರ್ಗವಾಗಿ ಹೋಗುವ ದಿನ ಮಾಲು ಕೋಣೆಯ ಬಾಗಿಲಲ್ಲಿ ನಿಂತು, "ಆ ಮೊಳೆ ಪೆಟ್ಟಿಗೆ ನಾನೂ ನೋಡಿದ್ದೆ ಕಣಮ್ಮ," ಎಂದರಂತೆ. ಮುಂದೆ ಏನೋ ಹೇಳಲು ಹೊರಟವರು ಗಡಿಯಾರ ನೋಡಿಕೊಂಡು ಹೋದರು. ಈಗ ಇಂಥ ಪದಗಳ ಹಾಳೆ ಸಿಕ್ಕರೆ ನಕಲು ಮಾಡಬಾರದು, ಫೋಟೋ ತೆಗೆಯಬಾರದು, ಅದೇ ದಿನ ನಾಣ್ಯವನ್ನು ಇಲಾಖೆಯ ಖಾತೆಗೆ ಸಾಗಿಸಬೇಕು ಎಂದು ಸುತ್ತೋಲೆ ಬಂದಿದೆ. ಅದರಲ್ಲಿ ಬೀಗದಕ್ಕನ ಸುದ್ದಿಯಿಲ್ಲ. ಅವರದನ್ನು ಗೋಡೆಗೆ ಅಂಟಿಸಿದ್ದಾರೆ, ಸ್ವಲ್ಪ ಸೊಟ್ಟಗೆ.

ಇಷ್ಟಾದರೂ ಅವರ ಗೊಂದಲ ಕರಗಿಲ್ಲ. ಲ್ಯಾಬಿನ ಮೇಡಂ ಬಂದಾಗಲೆಲ್ಲ ಹೊಸ ಪ್ರಶ್ನೆ. ಎಲ್ಲಾ ಕಡೆ ಇರೋದನ್ನ ಒಬ್ಬರೇ ಹೇಗೆ ಕದೀತಾರೆ? ಕದ್ದ ಮೇಲೂ ಅದು ಎಲ್ಲಾ ಕಡೆ ಇರುತ್ತಾ? ಮೇಡಂ ಕಾಗದದ ಮೇಲೆ ಚೌಕ, ಬಾಣ ಬರೆದು ವಿವರಿಸುತ್ತಾರೆ. "ಅವರು ಹೇಳೋವಾಗ ಎಲ್ಲಾ ತಿಳಿಯತ್ತೆ. ಅವರು ಗೇಟು ದಾಟಿದ ತಕ್ಷಣ ಏನೂ ತಿಳಿದಿಲ್ಲ ಅಂತ ತಿಳಿಯತ್ತೆ," ಎಂದು ನಗುತ್ತಾರೆ ಬೀಗದಕ್ಕ. ಆದರೆ ಬಂದ ವಸ್ತುವನ್ನು ಪಟ್ಟಿಯಲ್ಲಿ ಯಾರೋ ಬರೆದ ಹೆಸರಿನಿಂದ ಈಗ ಅವರು ನಂಬುವುದಿಲ್ಲ. ಆಟಿಕೆ ಎಂದಿದ್ದರೆ ಬಿಚ್ಚಿ ನೋಡುತ್ತಾರೆ, ಚಿಲ್ಲರೆ ಎಂದಿದ್ದರೆ ಒಂದೊಂದಾಗಿ ಎಣಿಸುತ್ತಾರೆ. ಅರ್ಥವಾಗದ್ದು ಸಿಕ್ಕರೆ ಮೇಡಂಗೆ ಫೋನ್. ದಿನಕ್ಕೆ ಮೂರು ನಾಲ್ಕು ಸಲವಾದರೂ ಹೋಗುತ್ತದೆ.

ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಏನಾದರೂ ಆಸೆಯಿದೆಯೇ ಎಂದರೆ ಬೀಗದಕ್ಕ ಗೊಂಚಲಿನ ಕೀಲಿಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಹೊರಗೆ ಬೆಳಕು ಏರಿದೆ, ಹಗಲು ಪಾಳಿಯವರು ಬೂಟು ಕುಟ್ಟುತ್ತ ಬರುತ್ತಿದ್ದಾರೆ.

"ಹೂಗುಚ್ಛ ಕೊಟ್ಟು, ಎರಡು ಒಳ್ಳೆ ಮಾತಾಡಿ, ಕೀಲಿ ಇಸ್ಕೊಂಡು ಕಳಿಸ್ಬಿಡ್ತಾರೆ. ಎಲ್ರಿಗೂ ಹಾಗೇ ಮಾಡೋದು. ನನಗೆ ಹಾಗೆ ಬೇಡ," ಎನ್ನುತ್ತಾರೆ ಕೊನೆಗೆ. "ಹೊಸಬರು ಯಾರು ಬರ್ತಾರೋ ಅವರು ನನ್ನ ಜೊತೆ ಕೂತು ಒಂದೊಂದನ್ನೂ ಕೈಗೆ ತಗೊಂಡು, ನೋಡಿ, ಎಣಿಸಿ ಇಸ್ಕೊಬೇಕು. ನಾಲ್ಕು ದಿನ ಹಿಡಿಯತ್ತೆ. ಹಿಡೀಲಿ. ಎಲ್ಲಾ ಸರಿಯಾಗಿದೆ ಅಂತ ಸಹಿ ಹಾಕಿದ ಮೇಲೆ ನಾನು ಮನೆಗೆ ಹೋಗ್ತೀನಿ."